ಮನೆವಾರ್ತೆ: ಹಳೆಯ ಗಣಕಯಂತ್ರದ ಪಾಲುಪಟ್ಟಿ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಿಂದ ನಮ್ಮ ವಾಚಕರೊಬ್ಬರು ದೀರ್ಘವಾದ ಒಂದು ಪತ್ರವನ್ನು ಬರೆದಿದ್ದಾರೆ. ಅವರ ಮನೆಯಲ್ಲಿ 1999ನೆಯ ಇಸವಿಯಲ್ಲಿ ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿ ತಂದ ಗಣಕಯಂತ್ರವೊಂದುಂಟು. ಪೆಂಟಿಯಂ ಜಾತಿಯದು, ವಿಂಡೋಸ್ 98ರಿಂದ ನಡೆಯತಕ್ಕದ್ದು, ಅದರೊಳಗಿನ ಹಾರ್ಡ್ ಡಿಸ್ಕು 4.3 ಗಿಗಾಬೈಟಿನದು. ಪತ್ರವನ್ನು ಬರೆದ ಮಹನೀಯರ ತಂದೆಯವರು ಹಲವು ವರ್ಷ ಈ ಯಂತ್ರದ ಮುಂದೆ ಕುಳಿತು ಹೊಲದ ಲೆಕ್ಕ, ಊರಿನ ಜಾತ್ರೆಯ ವಂತಿಗೆಯ ಪಟ್ಟಿ, ಮನೆತನದ ವಂಶಾವಳಿ, ಪರದೇಶದಲ್ಲಿದ್ದ ಮಗಳಿಗೆ ಬರೆದ ಕಾಗದಗಳು, ಇವೆಲ್ಲವನ್ನೂ ಕನ್ನಡದಲ್ಲಿಯೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರಂತೆ. ಕಡತಗಳು ಸುಮಾರು ಮೂರು ಸಾವಿರವಾಗಬಹುದಂತೆ. ಆ ಹಿರಿಯರು ಈಗಿಲ್ಲ. ಡಿಸ್ಕು ಈಚೆಗೆ ಕಟಕಟನೆ ಸದ್ದು ಮಾಡಹತ್ತಿದೆ. ಅದರ ಬದಲಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಸಣ್ಣ ಕಾರ್ಡೊಂದನ್ನು ಹಾಕಬೇಕೆಂದು ನಿಶ್ಚಯಿಸಿದ್ದಾರೆ. “ಇದಕ್ಕೆ ಯಾವ ಫಾರ್ಮ್ಯಾಟನ್ನು ಮಾಡಿಸಲಿ? ಒಂದೇ ಪಾರ್ಟಿಷನ್ನು ಸಾಕೇ, ನಾಲ್ಕು ಬೇಕೇ? ಪೇಟೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಹರಿಯಬ್ಬೆಯವರೊಬ್ಬರದೇ ಅಲ್ಲವೆಂದು ನಮಗೆ ತೋರುತ್ತದೆ. ನಮ್ಮ ನಾಡಿನಲ್ಲಿ 1990ರ ದಶಕದ ಕೊನೆಯಲ್ಲಿಯೂ ಅದರ ಮುಂದಿನ ಹತ್ತು ವರ್ಷಗಳಲ್ಲಿಯೂ ಗಣಕಯಂತ್ರವನ್ನು ಮನೆಗೆ ತಂದವರು ಬಹುಮಂದಿ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು 1998ರಲ್ಲಿ ಹೊರಬಂದಿತು. ಅದಾದ ಮೇಲೆ ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ಬಂದಿತು. ಅದರ ಕೀಲಿಮಣೆಗೆ ಕೆ. ಪಿ. ರಾಯರು ರೂಪಿಸಿದ ವಿನ್ಯಾಸವೇ ಆಧಾರ. ಇವುಗಳ ದೆಸೆಯಿಂದ ಇಂಗ್ಲಿಷನ್ನು ಹೆಚ್ಚಾಗಿ ಬಲ್ಲದ ಹಿರಿಯರು ಸಹ ಮನೆಯಲ್ಲಿ ಕುಳಿತು ಕನ್ನಡವನ್ನು ಬರೆಯುವಂತಾಯಿತು. ಹಾಗೆ ಬರೆದುದೆಲ್ಲ ಈಗ ಅಟ್ಟದ ಮೇಲಣ ಪೆಟ್ಟಿಗೆಗಳಲ್ಲಿ ಮೌನವಾಗಿ ಕುಳಿತಿದೆ. ಆದಕಾರಣ ಈ ತಿಂಗಳ ‘ಮನೆವಾರ್ತೆ’ಯನ್ನು ಇದೊಂದು ವಿಷಯಕ್ಕೇ ಮೀಸಲಾಗಿಡುತ್ತೇವೆ.

ಮೊದಲನೆಯದಾಗಿ ಹೇಳತಕ್ಕ ಮಾತು ಪ್ರಶ್ನೆಯಲ್ಲಿ ಇಲ್ಲದ ಮಾತು. ಸದ್ದು ಮಾಡುತ್ತಿರುವ ಡಿಸ್ಕನ್ನು ಇನ್ನು ಆ ಯಂತ್ರದಲ್ಲಿ ಓಡಿಸಬಾರದು. ಯಂತ್ರವನ್ನು ಆರಿಸಿ, ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ.ಗೆ ಜೋಡಿಸುವ ಸಾಧನದ ಮೂಲಕ ಹೊಸ ಗಣಕಯಂತ್ರವೊಂದಕ್ಕೆ ಸೇರಿಸಿ, ಆ ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಒಂದು ಬೈಟೂ ಬಿಡದಂತೆ ಪಡಿಯಚ್ಚನ್ನು ತೆಗೆಯಬೇಕು. ಇದಕ್ಕೆ ಇಮೇಜು ಎಂದು ಹೆಸರು. ಕಡತಗಳನ್ನು ಒಂದೊಂದಾಗಿ ಎತ್ತಿಕೊಳ್ಳುವುದು ಬೇರೆ, ಪಡಿಯಚ್ಚು ಬೇರೆ. ಜಬ್ಬಲಾದ ಡಿಸ್ಕಿಗೆ ಹೆಚ್ಚು ಓಡಾಟವು ಸಲ್ಲದು; ಒಂದೇ ಸಲ ನೇರವಾಗಿ ಓದಿ ಮುಗಿಸುವುದೇ ಅದಕ್ಕೆ ಮಾಡುವ ಉಪಕಾರ. ಲಿನಕ್ಸಿನಲ್ಲಿ ‘ಡಿಡಿರೆಸ್ಕ್ಯೂ’ ಎಂಬ ಉಚಿತವಾದ ಸಾಧನವಿದೆ. ಅದು ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನು ಮೊದಲು ಓದಿಕೊಂಡು, ಹಟಮಾರಿ ಭಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ; ಎಲ್ಲಿಯವರೆಗೆ ಓದಿದೆನೆಂಬುದನ್ನು ಬರೆದಿಟ್ಟುಕೊಳ್ಳುತ್ತದೆ. 4.3 ಗಿಗಾಬೈಟೆಂದರೆ ಇಂದಿನ ಲೆಕ್ಕದಲ್ಲಿ ಅತ್ಯಲ್ಪ. ಇಪ್ಪತ್ತೈದು ವರ್ಷದ ಹಿಂದಿನ ಇಡೀ ಡಿಸ್ಕು ಇಂದಿನ ಪೆನ್‌ಡ್ರೈವಿನ ಒಂದು ಮೂಲೆಯಲ್ಲಿ ಕುಳಿತುಕೊಳ್ಳುತ್ತದೆ. ಈ ಕೆಲಸವಾಗುವವರೆಗೆ ಪಾರ್ಟಿಷನ್ನಿನ ಮಾತನ್ನೇ ಎತ್ತಬಾರದು.

ಇನ್ನು ಪ್ರಶ್ನೆಗೆ ಬರೋಣ. ಪಾರ್ಟಿಷನ್ನೆಂದರೆ ಏನೆಂಬುದನ್ನು ನಮ್ಮ ಗೃಹಸ್ಥರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಸರ್ವೆ ನಂಬರಿನ ಹೊಲವು ಹಿಸ್ಸೆಗಳಾಗುತ್ತದಷ್ಟೆ? ನೆಲ ಇದ್ದಲ್ಲಿಯೇ ಇರುತ್ತದೆ, ಬದುಗಳು ಬೀಳುತ್ತವೆ, ದಾಖಲೆಯಲ್ಲಿ ನಾಲ್ಕು ಸಾಲು ಹೊಸದಾಗಿ ಸೇರುತ್ತದೆ. ಡಿಸ್ಕಿನಲ್ಲಿಯೂ ಹಾಗೆಯೇ. ಅದರ ಮೊಟ್ಟಮೊದಲನೆಯ 512 ಬೈಟುಗಳಲ್ಲಿ ಪಾಲುಪಟ್ಟಿಯಿರುತ್ತದೆ. ಈ ಪಟ್ಟಿಗೆ ಮೀಸಲಾದ ಸ್ಥಳ 64 ಬೈಟು. ಒಂದೊಂದು ಪಾಲಿನ ವಿವರಕ್ಕೆ 16 ಬೈಟು. ಆದ್ದರಿಂದಲೇ ಮುಖ್ಯ ಪಾಲುಗಳು ನಾಲ್ಕಕ್ಕಿಂತ ಹೆಚ್ಚಾಗುವಂತಿಲ್ಲ. ಹೆಚ್ಚು ಬೇಕಾದವರು ಒಂದು ಪಾಲನ್ನು ವಿಸ್ತೃತ ಪಾಲೆಂದು ಮಾಡಿ, ಅದರೊಳಗೆ ಉಪಪಾಲುಗಳನ್ನು ಮಾಡಿಕೊಳ್ಳಬೇಕು. ಈ ಏರ್ಪಾಡು 1987ರ ಡಾಸ್ 3.3ರಿಂದ ಬಂದದ್ದು.

ಫಾರ್ಮ್ಯಾಟೆಂಬುದು ಇನ್ನೊಂದು. ಪಾಲಾದ ಹೊಲದಲ್ಲಿ ಮಡಿಗಳನ್ನು ಕಟ್ಟಿ, ಯಾವ ಮಡಿಯಲ್ಲಿ ಯಾರ ಪೈರಿದೆಯೆಂದು ಪುಸ್ತಕದಲ್ಲಿ ಬರೆದಿಡುವ ಕ್ರಮವೇ ಫಾರ್ಮ್ಯಾಟು. ಪುಸ್ತಕವನ್ನು ಬರೆಯುವ ಪದ್ಧತಿ ಬೇರೆಯಾದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗದು. ಭಾರತ ಸರ್ಕಾರದವರು 1984ರಲ್ಲಿ ಶಾಲೆಗಳಿಗೆ ಗಣಕಶಿಕ್ಷಣವನ್ನು ತರುವ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದಾಗ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರವನ್ನು ಆರಿಸಿಕೊಂಡಿದ್ದರು. ಅದರ ಫ್ಲಾಪಿಯೂ ಐ.ಬಿ.ಎಂ. ಜಾತಿಯ ಯಂತ್ರದ ಫ್ಲಾಪಿಯೂ ನೋಡುವುದಕ್ಕೆ ಒಂದೇ: ಐದೂಕಾಲು ಅಂಗುಲದ ಕಪ್ಪು ಚೌಕ. ಆದರೆ ಬಿ.ಬಿ.ಸಿ. ಯಂತ್ರದ ಮೂಲ ಪದ್ಧತಿಯಲ್ಲಿ ಒಂದು ಸುತ್ತಿಗೆ 256 ಬೈಟಿನ ಹತ್ತು ಹೋಳು. 40 ಸುತ್ತಿನ ಒಂದು ಮುಖಕ್ಕೆ 1,02,400 ಬೈಟು. ಹೆಸರುಗಳ ಪಟ್ಟಿಯಲ್ಲಿ 31ಕ್ಕಿಂತ ಹೆಚ್ಚು ಕಡತಕ್ಕೆ ಎಡೆಯೇ ಇಲ್ಲ. ಐ.ಬಿ.ಎಂ. ಯಂತ್ರಕ್ಕೆ 512 ಬೈಟಿನ ಒಂಬತ್ತು ಹೋಳು, ಎರಡು ಮುಖ, ಒಟ್ಟು 360 ಕಿಲೋಬೈಟು. ವಸ್ತು ಒಂದೇ ಆಗಿದ್ದರೂ ಒಂದರ ಫ್ಲಾಪಿಯನ್ನು ಇನ್ನೊಂದಕ್ಕೆ ತುರುಕಿದರೆ ಅದು ‘ಓದಲಾರೆ’ ಎಂದು ಕೈಚೆಲ್ಲುತ್ತದೆ. ಡಿಸ್ಕು ಕೆಟ್ಟಿದೆಯೆಂದು ತಿಳಿದು ಎಸೆದವರು ಎಷ್ಟು ಮಂದಿಯೋ!

ಫ್ಲಾಪಿಯ ಮಾತು ಬಂದದ್ದರಿಂದ ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಿಬಿಡಬಹುದು. 1.2 ಮೆಗಾಬೈಟಿನ ಡ್ರೈವಿನ ತಲೆ ಸಣ್ಣದು. 360 ಕಿಲೋಬೈಟಿನ ಡ್ರೈವಿನ ತಲೆ ಅಗಲವಾದುದು. ಅಗಲವಾದ ತಲೆಯಿಂದ ಬರೆದುದರ ಮೇಲೆ ಸಣ್ಣ ತಲೆಯಿಂದ ಬರೆದರೆ ಹಳೆಯ ಬರಹದ ಅಂಚು ಎರಡು ಕಡೆಯಲ್ಲಿಯೂ ಉಳಿದುಬಿಡುತ್ತದೆ; ಮತ್ತೆ ಹಳೆಯ ಡ್ರೈವಿನಲ್ಲಿ ಓದಹೋದರೆ ಎರಡೂ ಕಲಸಿಕೊಳ್ಳುತ್ತವೆ. ಆದ್ದರಿಂದ ಐದೂಕಾಲು ಅಂಗುಲದ ಹಳೆಯ ಫ್ಲಾಪಿಗಳಿರುವವರು ಅವನ್ನು ಓದಬಹುದೇ ಹೊರತು ಅವುಗಳ ಮೇಲೆ ಬರೆಯಬಾರದು. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಈ ತೊಡಕಿಲ್ಲ. ಅದರ 1.44 ಮೆಗಾಬೈಟೆಂಬುದು 80 ಸುತ್ತು, ಎರಡು ಮುಖ, ಸುತ್ತಿಗೆ 18 ಹೋಳು, ಹೋಳಿಗೆ 512 ಬೈಟು, ಅಂದರೆ 14,74,560 ಬೈಟು. ನಮ್ಮ ಹವೆಯಲ್ಲಿ ಇವಕ್ಕೆ ಬೂಷ್ಟು ಹಿಡಿಯುವುದುಂಟು. ಹಿಡಿದುದನ್ನು ಶುದ್ಧಿಮಾಡದೆ ಡ್ರೈವಿಗೆ ಹಾಕಿದರೆ ಡ್ರೈವಿನ ತಲೆಯೂ ಕೆಡುತ್ತದೆ.

ಹಾರ್ಡ್ ಡಿಸ್ಕಿಗೆ ಬಂದರೆ, ಮನೆಯ ಹಳೆಯ ಯಂತ್ರಗಳಿಗೆ ಸಂಬಂಧಪಟ್ಟ ಪದ್ಧತಿಗಳು ಮೂರು: ಫ್ಯಾಟ್ 16, ಫ್ಯಾಟ್ 32, ಎನ್.ಟಿ.ಎಫ್.ಎಸ್. ಇವುಗಳಲ್ಲಿ ಮೊದಲನೆಯದರ ಸ್ವಭಾವವನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಫ್ಯಾಟ್ 16ರ ಪುಸ್ತಕವನ್ನು ಬರೆಯುವ ಶಾನುಭೋಗನಿಗೆ ಸುಮಾರು 65 ಸಾವಿರದವರೆಗೆ ಮಾತ್ರ ಎಣಿಸಲು ಬರುತ್ತದೆಂದು ಭಾವಿಸಿರಿ. ಹೊಲ ಸಣ್ಣದಾದರೆ ಚಿಂತೆಯಿಲ್ಲ. ಸಣ್ಣ ಸಣ್ಣ ಮಡಿಗಳನ್ನು ಮಾಡಿ ಅಷ್ಟನ್ನೂ ಎಣಿಸಿಯಾನು. ಹೊಲ ದೊಡ್ಡದಾದರೆ ಮಡಿಗಳ ಸಂಖ್ಯೆಯನ್ನು ಹೆಚ್ಚಿಸಲಾರ. ಆಗ ಮಡಿಯನ್ನೇ ಹಿಗ್ಗಿಸಬೇಕಾಗುತ್ತದೆ. 128 ಮೆಗಾಬೈಟಿಗಿಂತ ಕಡಿಮೆಯಿರುವ ಪಾಲಿನಲ್ಲಿ ಮಡಿಯ ಅಳತೆ 2 ಕಿಲೋಬೈಟು. ಪಾಲು 256ನ್ನು ಮುಟ್ಟುವವರೆಗೆ 4, 512ನ್ನು ಮುಟ್ಟುವವರೆಗೆ 8, ಒಂದು ಗಿಗಾಬೈಟಿನವರೆಗೆ 16, ಎರಡರವರೆಗೆ 32. ಅಲ್ಲಿಗೆ ಡಾಸ್ ಮತ್ತು ವಿಂಡೋಸ್ 98ರ ಮಟ್ಟಿಗೆ ಅದರ ಶಕ್ತಿ ಮುಗಿಯಿತು. ಒಂದು ಮಡಿಯಲ್ಲಿ ಒಂದೇ ಪೈರು ಎಂಬುದು ಇಲ್ಲಿಯ ನಿಯಮ. ಕಡತವು ಎಷ್ಟು ಸಣ್ಣದಾದರೂ ಒಂದು ಮಡಿಯನ್ನು ಪೂರ್ತಿಯಾಗಿ ಹಿಡಿಯುತ್ತದೆ. ಉಳಿದ ಜಾಗ ಬೀಳು.

ಉದಾಹರಣೆಗೆ ‘ಹರಿಯಬ್ಬೆ’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಯುನಿಕೋಡಿನ ಲೆಕ್ಕದಲ್ಲಿ ಇದರಲ್ಲಿ ಎಂಟು ಸಂಕೇತಗಳಿವೆ: ಹ, ರ, ಗುಡಿಸು, ಯ, ಬ, ಒತ್ತಿಗೆ ಮುಂಚಿನ ಅರ್ಧಾಕ್ಷರದ ಗುರುತು, ಮತ್ತೆ ಬ, ಎತ್ವ. ಈಗ ಬಳಕೆಯಲ್ಲಿರುವ ಯು.ಟಿ.ಎಫ್. 8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟು; ಒಟ್ಟು 24 ಬೈಟು. ಈ ಹೆಸರೊಂದನ್ನು ಮಾತ್ರ ಬರೆದ ಕಡತವು ಎರಡು ಗಿಗಾಬೈಟಿನ ಫ್ಯಾಟ್ 16 ಪಾಲಿನಲ್ಲಿ ಹಿಡಿಯುವ ಜಾಗ 32,768 ಬೈಟು! ನಮ್ಮ ವಾಚಕರ ಪತ್ರದಿಂದ ತಿಳಿದುಬರುವುದೇನೆಂದರೆ, ಯಂತ್ರವನ್ನು ಮಾಡಿಕೊಟ್ಟವರು 4.3 ಗಿಗಾಬೈಟಿನ ಡಿಸ್ಕನ್ನು ಸರಿಸಮನಾದ ಎರಡು ಪಾಲು ಮಾಡಿ ಎರಡಕ್ಕೂ ಫ್ಯಾಟ್ 16ನ್ನೇ ಹಾಕಿದ್ದಾರೆ. ಆ ಕಾಲಕ್ಕೆ ಅದು ಬಳಕೆಯ ಪದ್ಧತಿಯೇ. ಡಾಸ್‌ನಿಂದ ಹೊರಟು ದುರಸ್ತಿ ಮಾಡುವುದಕ್ಕೆ ಅನುಕೂಲವೆಂದು ಹಲವರು ಹಾಗೆ ಮಾಡುತ್ತಿದ್ದರು. ಅವರ ತಂದೆಯವರ ಮೂರು ಸಾವಿರ ಕಡತಗಳಲ್ಲಿ ಒಂದೊಂದೂ ಎರಡು ಮೂರು ಕಿಲೋಬೈಟಿನ ಕಾಗದವೆಂದು ಇಟ್ಟುಕೊಂಡರೆ, ಅಲ್ಲಿ ಅವು ಆಕ್ರಮಿಸಿರುವ ಜಾಗ 9 ಕೋಟಿ 83 ಲಕ್ಷ ಬೈಟು. ಅದೇ ಕಡತಗಳನ್ನು 4 ಕಿಲೋಬೈಟಿನ ಮಡಿಗಳಲ್ಲಿಟ್ಟರೆ 1 ಕೋಟಿ 23 ಲಕ್ಷಕ್ಕೆ ಮುಗಿಯುತ್ತದೆ.

ಈ ನಾಲ್ಕು ಕಿಲೋಬೈಟಿನ ಮಡಿಯನ್ನು ದೊಡ್ಡ ಹೊಲದಲ್ಲಿಯೂ ಕೊಡತಕ್ಕದ್ದೇ ಫ್ಯಾಟ್ 32. ಇದು 1996ರಲ್ಲಿ ವಿಂಡೋಸ್ 95ರ ಎರಡನೆಯ ಆವೃತ್ತಿಯೊಂದಿಗೆ ಬಂದಿತು. ಪಾಲು 8 ಗಿಗಾಬೈಟಿನ ಒಳಗಿದ್ದರೆ ಮಡಿ ನಾಲ್ಕೇ. ಅದಕ್ಕೆ ಮೇಲಾದರೆ ಎಂಟು, ಹದಿನಾರು, ಹೀಗೆ ಬೆಳೆಯುತ್ತದೆ. ಒಂದೊಂದು ಕಡತವೂ 4 ಗಿಗಾಬೈಟಿಗೆ ಒಂದು ಬೈಟು ಕಡಿಮೆಯಿರಬೇಕೆಂಬ ಕಟ್ಟಳೆಯುಂಟು. ಕಾಗದಪತ್ರಗಳಿಗೆ ಅದು ಬಾಧಕವಲ್ಲ. ಡಾಸ್ 6.22 ಇದನ್ನು ಕಾಣಲಾರದು. ಹಳೆಯ ಡಾಸ್ ಆಟಗಳನ್ನು ಅದೇ ಹಳೆಯ ಡಾಸ್‌ನಲ್ಲಿಯೇ ಆಡಬೇಕೆಂಬ ಆಸೆಯಿರುವವರು ಐನೂರು ಮೆಗಾಬೈಟಿನ ಸಣ್ಣ ಫ್ಯಾಟ್ 16 ಪಾಲೊಂದನ್ನು ಮೊದಲಿಗೆ ಮಾಡಿಕೊಳ್ಳಬಹುದು. ಹರಿಯಬ್ಬೆಯ ಮನೆಗೆ ಅದು ಅನಾವಶ್ಯಕ.

ಎನ್.ಟಿ.ಎಫ್.ಎಸ್. ಎಂಬುದು 1993ರಲ್ಲಿ ವಿಂಡೋಸ್ ಎನ್.ಟಿ.ಯೊಂದಿಗೆ ಹುಟ್ಟಿತು. ಪೇಟೆಯಲ್ಲಿ ಯಾರೋ ಅದನ್ನೇ ಹಾಕಿಸಿರೆಂದು ನಮ್ಮ ವಾಚಕರಿಗೆ ಹೇಳಿದರಂತೆ. ಹೇಳಿದವರ ಅಭಿಪ್ರಾಯವು ನಿರಾಧಾರವಾದುದಲ್ಲ. ಹಳ್ಳಿಯಲ್ಲಿ ವಿದ್ಯುತ್ತು ಹೇಳದೆ ಕೇಳದೆ ಹೋಗುತ್ತದೆ. ಡಿಸ್ಕಿನ ಮೇಲೆ ಬರೆಯುತ್ತಿರುವಾಗಲೇ ಹೋದರೆ ಫ್ಯಾಟ್ ಪದ್ಧತಿಯಲ್ಲಿ ಪುಸ್ತಕವೊಂದು ಹೇಳುತ್ತದೆ, ಹೊಲವೊಂದು ಹೇಳುತ್ತದೆ. ಎನ್.ಟಿ.ಎಫ್.ಎಸ್. ಹಾಗಲ್ಲ, ಮಾಡಬೇಕಾದುದನ್ನು ಮೊದಲು ಕಚ್ಚಾಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ಆದುದರಿಂದ ಮಧ್ಯದಲ್ಲಿ ದೀಪ ಹೋದರೂ ಅದರ ಲೆಕ್ಕ ತಪ್ಪುವುದು ವಿರಳ. ಆದರೆ ಇಷ್ಟು ಗುಣವಿದ್ದೂ ಏನು ಪ್ರಯೋಜನ? ವಿಂಡೋಸ್ 98 ಅದನ್ನು ಓದಲಾರದು. ಬೀಗವು ಎಷ್ಟು ಭದ್ರವಾದರೂ ಕೀಲಿಕೈ ಮನೆಯವರ ಹತ್ತಿರವಿಲ್ಲದಿದ್ದರೆ ಕಣಜದಲ್ಲಿರುವ ರಾಗಿಯಿಂದ ಅಂಬಲಿಯಾಗದು. ಹಳೆಯ ಯಂತ್ರವೂ ಓದಬೇಕು, ನಾಳೆ ಮಗನು ತರುವ ಹೊಸ ಯಂತ್ರವೂ ಓದಬೇಕು. ಇವೆರಡಕ್ಕೂ ಒಪ್ಪುವುದು ಫ್ಯಾಟ್ 32. ಇಂದಿನ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಅದನ್ನು ತಕರಾರಿಲ್ಲದೆ ಓದುತ್ತದೆ. ವಿದ್ಯುತ್ತಿನ ಭಯಕ್ಕೆ ಬೇರೆ ಮದ್ದುಂಟು: ಸಣ್ಣ ಯು.ಪಿ.ಎಸ್. ಒಂದನ್ನು ಇಡುವುದು, ಮತ್ತು ಪಾಲನ್ನು ಎರಡು ಮಾಡುವುದು.

ಪಾಲಿಗೂ ವಿದ್ಯುತ್ತಿಗೂ ಏನು ಸಂಬಂಧವೆಂದು ಕೇಳಬಹುದು. ವಿಂಡೋಸ್ 98 ಕೆಲಸ ಮಾಡುತ್ತಿರುವಷ್ಟು ಹೊತ್ತೂ ತನ್ನ ಸ್ವಂತ ಉಪಯೋಗಕ್ಕಾಗಿ ‘ಸಿ’ ಪಾಲಿನ ಮೇಲೆ ಬರೆಯುತ್ತಲೇ ಇರುತ್ತದೆ. ಆದುದರಿಂದ ದೀಪ ಹೋದಾಗ ಏಟು ಬೀಳುವುದು ಬಹುತೇಕ ಅಲ್ಲಿಯೇ. ಕಾಗದಪತ್ರಗಳು ‘ಡಿ’ ಪಾಲಿನಲ್ಲಿದ್ದರೆ, ಆ ಗಳಿಗೆಯಲ್ಲಿ ಯಾವ ಕಾಗದವನ್ನೂ ಬರೆಯುತ್ತಿಲ್ಲವಾದರೆ, ಅವಕ್ಕೆ ಅಪಾಯವು ಕಡಿಮೆ. ಯಂತ್ರವನ್ನು ಮತ್ತೆ ಹೊತ್ತಿಸಿದಾಗ ಸ್ಕ್ಯಾನ್‌ಡಿಸ್ಕ್ ಎಂಬ ಪರೀಕ್ಷೆ ನಡೆಯುತ್ತದೆ. ವಾರಸುದಾರರಿಲ್ಲದ ಮಡಿಗಳನ್ನು ಅದು ಕೂಡಿಸಿ ‘ಚೆಕ್’ ಎಂಬ ಬಾಲವಿರುವ ಕಡತಗಳಾಗಿ ಇಡುತ್ತದೆ. ಪಾಲು ಸಣ್ಣದಾದಷ್ಟೂ ಈ ಪರೀಕ್ಷೆಯು ಬೇಗನೆ ಮುಗಿಯುತ್ತದೆ. ಇನ್ನೂ ಒಂದು ಅನುಕೂಲವೆಂದರೆ, ವಿಂಡೋಸ್ ಕೆಟ್ಟುಹೋಗಿ ‘ಸಿ’ಯನ್ನು ಅಳಿಸಿ ಹೊಸದಾಗಿ ಹಾಕಬೇಕಾದರೆ ‘ಡಿ’ಯನ್ನು ಮುಟ್ಟಬೇಕಾದ್ದಿಲ್ಲ. ಅಡಿಗೆಯ ಮನೆಯ ಸೂರನ್ನು ಬಿಚ್ಚಿ ಹೊದಿಸುವಾಗ ಪೆಟ್ಟಿಗೆಗಳೆಲ್ಲ ನಡುಮನೆಯಲ್ಲಿದ್ದರೆ ಒಳ್ಳೆಯದಲ್ಲವೆ?

ಕಾರ್ಡಿನ ಗಾತ್ರವೆಷ್ಟಿರಬೇಕು? ಇಲ್ಲಿ ಹಳೆಯ ಯಂತ್ರಗಳ ಸುತ್ತ ಇರುವ ಗೋಡೆಗಳನ್ನು ತಿಳಿದಿರಬೇಕು. ಯಂತ್ರದ ಮೂಲತಂತ್ರಾಂಶವಾದ ಬಯಾಸ್ ಡಿಸ್ಕನ್ನು ಎಣಿಸುವ ಕ್ರಮಕ್ಕೆ ಆಯಾ ಕಾಲದಲ್ಲಿ ಒಂದೊಂದು ಎಲ್ಲೆಯಿತ್ತು. 1990ರ ದಶಕದ ಮೊದಲಿನ ಯಂತ್ರಗಳಿಗೆ 52 ಕೋಟಿ 84 ಲಕ್ಷ ಬೈಟು. ಆಮೇಲಿನವಕ್ಕೆ 845 ಕೋಟಿ. ಆ ಗೋಡೆಯನ್ನು ದಾಟಿದ ಕೆಲವಕ್ಕೆ ಸುಮಾರು 3,380 ಕೋಟಿ. ಅದರಾಚೆ 13,743 ಕೋಟಿ. ಎಲ್ಲೆಯನ್ನು ಮೀರಿದ ಡಿಸ್ಕನ್ನು ಹಾಕಿದರೆ ಕೆಲವು ಯಂತ್ರಗಳು ಮೀರಿದ ಭಾಗವನ್ನು ಕಾಣವು. ಕೆಲವು ಆರಂಭದಲ್ಲಿಯೇ ಕಲ್ಲಿನಂತೆ ನಿಂತುಬಿಡುತ್ತವೆ. 8 ಗಿಗಾಬೈಟೆಂದು ಮಾರುವ ಕಾರ್ಡು 800 ಕೋಟಿ ಬೈಟಿನ ಆಚೀಚೆ ಇರುತ್ತದೆ. ಎರಡನೆಯ ಗೋಡೆಯ ಒಳಗೇ ನಿಲ್ಲುತ್ತದೆ. ಅದರಲ್ಲಿ ಎರಡು ಪಾಲು ಮಾಡಿದರೂ ಯಾವುದೂ ನಾಲ್ಕು ಕಿಲೋಬೈಟಿನ ಮಡಿಯನ್ನು ಮೀರುವುದಿಲ್ಲ. ಹೀಗಾಗಿ ಈ ಕಾಲದ ಯಂತ್ರಕ್ಕೆ ನಮ್ಮ ಸಲಹೆ 8 ಗಿಗಾಬೈಟಿನ ಕಾರ್ಡೇ. ಪೇಟೆಯಲ್ಲಿ 64ರದ್ದು ಅಗ್ಗವಾಗಿ ಸಿಕ್ಕಿತೆಂದು ತಂದು ಪಡಿಪಾಟಲುಪಡಬೇಕಾಗಿಲ್ಲ. ವಿಂಡೋಸ್ 98ರ ಮೂಲ ಎಫ್‌ಡಿಸ್ಕಿಗೆ 64 ಗಿಗಾಬೈಟಿನ ಆಚೆ ಲೆಕ್ಕವೇ ತಪ್ಪುತ್ತದೆ.

ಎಂಟೂ ತುಂಬುವುದಿಲ್ಲವಲ್ಲಾ, ಅಷ್ಟು ಜಾಗವೇಕೆಂದು ಯಾರಾದರೂ ಕೇಳಿದರೆ ಹಿರಿಯೂರಿನವರು ತಮ್ಮ ಮಾರಿಕಣಿವೆಯನ್ನು ತೋರಿಸಬಹುದು. ವೇದಾವತಿಗೆ ಅಡ್ಡಲಾಗಿ ಆ ಕಟ್ಟೆಯ ಕೆಲಸವು ಮುಗಿದದ್ದು 1907ರಲ್ಲಿ. ಅದು ತುಂಬಿ ಹರಿದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ 89 ವರ್ಷ ಅದು ತುಂಬಲಿಲ್ಲವೆಂದು ಕಟ್ಟಿದವರನ್ನು ಯಾರೂ ಹಳಿಯಲಿಲ್ಲ.

ಪಾಲಿನ ಕ್ರಮವನ್ನು ಈಗ ಹೇಳುತ್ತೇವೆ. ಕಾರ್ಡನ್ನು ಹೊಸ ಯಂತ್ರದಲ್ಲಿ ಪಾಲು ಮಾಡಿ ತರಬಾರದು. ಅದು ಯಾವ ಯಂತ್ರದಲ್ಲಿ ಇರತಕ್ಕದ್ದೋ ಆ ಯಂತ್ರದಲ್ಲಿಯೇ ಪಾಲು ಮಾಡಬೇಕು. ಡಿಸ್ಕಿನ ಸುತ್ತುಗಳನ್ನೂ ಹೋಳುಗಳನ್ನೂ ಎಣಿಸುವ ರೀತಿ ಒಂದೊಂದು ಯಂತ್ರದಲ್ಲಿ ಒಂದೊಂದಾಗಿರಬಹುದು. ಬೇರೆ ಊರಿನ ಸರಪಣಿಯಿಂದ ಅಳೆದು ನೆಟ್ಟ ಗಡಿಕಲ್ಲು ಇಲ್ಲಿ ತಪ್ಪಾದೀತು. ವಿಂಡೋಸ್ 98ರ ಆರಂಭದ ಫ್ಲಾಪಿಯಿಂದ ಯಂತ್ರವನ್ನು ಹೊರಡಿಸಿ ಎಫ್‌ಡಿಸ್ಕ್ ಎಂದು ಕೊಟ್ಟರೆ, ದೊಡ್ಡ ಡಿಸ್ಕಿನ ಸೌಕರ್ಯ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ‘ವೈ’ ಎಂದರೆ ಫ್ಯಾಟ್ 32, ‘ಎನ್’ ಎಂದರೆ ಫ್ಯಾಟ್ 16. ಪ್ರಶ್ನೆಯಲ್ಲಿ ಫ್ಯಾಟೆಂಬ ಮಾತೇ ಮುಖ್ಯವಾಗಿ ಕಾಣದೆ ಇರುವುದರಿಂದ ಅನೇಕರು ಯೋಚಿಸದೆ ಉತ್ತರ ಕೊಟ್ಟುಬಿಡುತ್ತಾರೆ. ಮೊದಲು 2 ಗಿಗಾಬೈಟಿನ ಮುಖ್ಯ ಪಾಲೊಂದನ್ನು ಮಾಡಿ ಅದನ್ನು ಸಕ್ರಿಯವೆಂದು ಗುರುತಿಸಬೇಕು. ಇದನ್ನು ಮರೆತರೆ ಯಂತ್ರವು ಅದರಿಂದ ಏಳುವುದಿಲ್ಲ. ಉಳಿದುದೆಲ್ಲವನ್ನೂ ವಿಸ್ತೃತ ಪಾಲಾಗಿ ಮಾಡಿ ಅದರೊಳಗೆ ಒಂದೇ ಉಪಪಾಲನ್ನು ಮಾಡಬೇಕು. ಆ ಬಳಿಕ ಎರಡಕ್ಕೂ ಫಾರ್ಮ್ಯಾಟು. ‘ಸಿ’ಯಲ್ಲಿ ವಿಂಡೋಸ್, ಬರಹ, ನುಡಿ, ‘ಡಿ’ಯಲ್ಲಿ ತಂದೆಯವರ ಕಾಗದಗಳು. ಇದಕ್ಕಿಂತ ಹೆಚ್ಚಿನ ಪಾಲು ನಮ್ಮ ಅಭಿಪ್ರಾಯದಲ್ಲಿ ಬರಿಯ ವೈಭವ. ನಾಲ್ಕೈದು ಪಾಲು ಮಾಡಿಕೊಂಡವರಿಗೆ ಯಾವುದರಲ್ಲಿ ಏನಿಟ್ಟೆವೆಂಬುದು ಮರೆತು, ಒಂದರಲ್ಲಿ ಜಾಗ ಸಾಲದೆ ಇನ್ನೊಂದು ಬರಿದಾಗಿ ಇರುವುದನ್ನು ಎಷ್ಟೋ ಕಡೆ ನೋಡಿದ್ದೇವೆ.

ಡಾಸ್ ವಂಶದ ಯಂತ್ರಗಳಲ್ಲಿ ಅಕ್ಷರಗಳನ್ನು ಹಂಚುವ ರೀತಿಯೂ ವಿಚಿತ್ರವಾದುದೇ. ಅದು ಮೊದಲು ಎಲ್ಲ ಡಿಸ್ಕುಗಳ ಮುಖ್ಯ ಪಾಲುಗಳಿಗೆ ಹೆಸರಿಟ್ಟು ಆಮೇಲೆ ಉಪಪಾಲುಗಳಿಗೆ ಇಡುತ್ತದೆ. ಆದಕಾರಣ, ಮುಂದೆ ಯಾವಾಗಲಾದರೂ ಎರಡನೆಯ ಡಿಸ್ಕೊಂದನ್ನು ಸೇರಿಸಿ ಅದರಲ್ಲಿ ಮುಖ್ಯ ಪಾಲನ್ನು ಮಾಡಿದರೆ, ನಿನ್ನೆಯವರೆಗೆ ‘ಡಿ’ ಎನಿಸಿಕೊಂಡದ್ದು ಇಂದು ‘ಇ’ ಆಗಿರುತ್ತದೆ. ಕಾಗದಗಳೆಲ್ಲ ಮಾಯವಾದುವೆಂದು ಮನೆಯವರು ಗಾಬರಿಯಾಗುವರು. ಎರಡನೆಯ ಡಿಸ್ಕಿನಲ್ಲಿ ಉಪಪಾಲನ್ನು ಮಾತ್ರ ಮಾಡಿದರೆ ಈ ಪೇಚಾಟವಿಲ್ಲ.

ಇನ್ನು ಕನ್ನಡದ ಮಾತು. ಹೊಸ ಯಂತ್ರಕ್ಕೆ ಕಡತಗಳನ್ನು ನಕಲು ಮಾಡಿಕೊಂಡು ಹಳೆಯದನ್ನು ಗುಜರಿಗೆ ಹಾಕಿರೆಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ. ಯುನಿಕೋಡಿನ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ವಿಂಡೋಸಿನಲ್ಲಿ ಅದು ಕಾಣಿಸಿಕೊಂಡದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಎಂಬ ಅಕ್ಷರರೂಪದ ಮೂಲಕ. ಅದಕ್ಕೆ ಮುಂಚಿನ ಕನ್ನಡವೆಲ್ಲ ಒಂದು ಬಗೆಯ ವೇಷ. ಡಿಸ್ಕಿನ ಮೇಲೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆಗಳೇ. ಆ ತಂತ್ರಾಂಶದ ಫಾಂಟು ಅವಕ್ಕೆ ಕನ್ನಡದ ಉಡುಗೆಯನ್ನು ತೊಡಿಸುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ಅದೇ ಕಾಗದವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲ. ಒಂದು ತಂತ್ರಾಂಶದ ಫಾಂಟಿಗೆ ಬರೆದುದು ಇನ್ನೊಂದರಲ್ಲಿ ಸರಿಯಾಗಿ ಕಾಣದೆಯೂ ಹೋಗಬಹುದು. ಮಗಳಿಗೆ ಬರೆದ ಕಾಗದವನ್ನು ಮೊಮ್ಮಗನು ತೆರೆದು, ಕೆಟ್ಟ ಕಡತವೆಂದು ಅಳಿಸಿಬಿಡುವುದು ಹೀಗೆಯೇ.

ಆದ್ದರಿಂದ ‘ಡಿ’ ಪಾಲಿನಲ್ಲಿ ಕಾಗದಗಳ ಪಕ್ಕದಲ್ಲಿಯೇ ಮತ್ತೊಂದು ಕೋಶವನ್ನು ಮಾಡಿ, ಆ ಯಂತ್ರದಲ್ಲಿದ್ದ ಫಾಂಟುಗಳನ್ನೂ ಬರಹ ಮತ್ತು ನುಡಿಗಳನ್ನು ಸ್ಥಾಪಿಸುವ ಮೂಲ ಕಡತಗಳನ್ನೂ ಅದರಲ್ಲಿ ಇಡತಕ್ಕದ್ದು. ಬೀಜದ ಜೊತೆಗೆ ಕೂರಿಗೆಯೂ ಇರಲಿ. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯನ್ನು ಹೊಸ ಯಂತ್ರದಲ್ಲಿ ಮಾಡಿಕೊಳ್ಳಬೇಕು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆಯಲ್ಲಿ ತಪ್ಪುಗಳು ನುಸುಳಬಹುದಾದ್ದರಿಂದ, ಪರಿವರ್ತಿತವಾದ ಪ್ರತಿಯನ್ನು ಹಳೆಯ ಯಂತ್ರದ ಪರದೆಯೊಂದಿಗೆ ಒಮ್ಮೆ ಹೋಲಿಸಿ ನೋಡಬೇಕು. ಹಳೆಯ ಯಂತ್ರವನ್ನು ಇನ್ನೂ ಬದುಕಿಸಿಡಬೇಕೆಂದು ನಾವು ಹೇಳುವುದು ಮುಖ್ಯವಾಗಿ ಇದಕ್ಕಾಗಿಯೇ. ಮೂಲ ಕಡತವನ್ನು ಮಾತ್ರ ಎಂದಿಗೂ ಅಳಿಸಕೂಡದು. ವಂಶಾವಳಿಯಂಥ ಮುಖ್ಯವಾದುವನ್ನು ಕಾಗದದ ಮೇಲೆ ಒಂದು ಸಲ ಅಚ್ಚುಹಾಕಿಸಿ ಇಟ್ಟರೆ ಯಾವ ಫಾರ್ಮ್ಯಾಟಿನ ತಂಟೆಯೂ ಇಲ್ಲ.

ಪಾಲು ಮಾಡುವಾಗ ಕೈತಪ್ಪಿ ಬೇರೆ ಡಿಸ್ಕಿನ ಪಾಲನ್ನು ಅಳಿಸಿದವರೂ ಉಂಟು. ಹಾಗೆ ಆದರೆ ಎದೆಗುಂದಬೇಕಾದ್ದಿಲ್ಲ. ಆದರೆ ಆ ಕ್ಷಣದಲ್ಲಿಯೇ ಕೈ ನಿಲ್ಲಿಸಬೇಕು. ಗಡಿಕಲ್ಲನ್ನು ಕಿತ್ತರೆ ಹೊಲವು ಎಲ್ಲಿಯೂ ಹೋಗುವುದಿಲ್ಲ. ಪಾಲನ್ನು ಅಳಿಸಿದಾಗ ಬದಲಾಗುವುದು ಮುಖ್ಯವಾಗಿ ಆ ಪಟ್ಟಿಯ ಕೆಲವು ಬೈಟುಗಳು. ಒಳಗಿನ ಬರಹವು ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಸಾಧನವು ಹಳೆಯ ಗಡಿಗಳನ್ನು ಹುಡುಕಿ ಪಟ್ಟಿಯನ್ನು ಮತ್ತೆ ಬರೆದುಕೊಡಬಲ್ಲದು. ನಿಜವಾದ ನಷ್ಟವಾಗುವುದು ಗಾಬರಿಯಲ್ಲಿ ಅದೇ ಡಿಸ್ಕಿನ ಮೇಲೆ ಹೊಸದಾಗಿ ಏನನ್ನಾದರೂ ಬರೆದಾಗ.

ಪಾಲು ಎರಡಾದ ಮಾತ್ರಕ್ಕೆ ಪ್ರತಿ ಎರಡಾದಂತಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಕಾರ್ಡು ಸತ್ತರೆ ‘ಸಿ’ಯೂ ‘ಡಿ’ಯೂ ಒಟ್ಟಿಗೇ ಹೋಗುತ್ತವೆ. ಫ್ಲ್ಯಾಶ್ ಕಾರ್ಡಿಗೂ ಆಯುಸ್ಸುಂಟು. ಬರೆದು ಬರೆದು ಸವೆಯುತ್ತದೆ. ವಿದ್ಯುತ್ತು ತಾಗದೆ ಬಹುಕಾಲ ಬೀರುವಿನಲ್ಲಿದ್ದರೂ ಅದರೊಳಗಿನ ಬರಹ ಮಾಸಬಹುದು. ಹಳೆಯ ಡಿಸ್ಕಿನ ಪಡಿಯಚ್ಚು ಒಂದು ಕಡೆ, ಕಡತಗಳ ನಕಲು ಇನ್ನೊಂದು ಕಡೆ, ಮೂರನೆಯದೊಂದು ಪರವೂರಿನ ನೆಂಟರ ಮನೆಯಲ್ಲಿ ಇರುವಂತೆ ಏರ್ಪಡಿಸಬೇಕು. ಪರದೇಶದಲ್ಲಿರುವ ಅವರ ತಂಗಿಯವರಿಗೇ ಒಂದು ಪ್ರತಿಯನ್ನು ಕಳುಹಿಸಿದರೆ ಆದೀತು. ಅವರಿಗೆ ಬರೆದ ಕಾಗದಗಳೂ ಅದರಲ್ಲಿವೆಯಲ್ಲ!

ಕಾರ್ಡನ್ನು ಜೋಡಿಸುವಾಗ ಒಂದೆರಡು ಸಣ್ಣ ವಿಷಯಗಳನ್ನು ಗಮನಿಸಬೇಕು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಹಳೆಯ ಐ.ಡಿ.ಇ. ಭಾಷೆಯನ್ನೇ ಆಡುವುದರಿಂದ ಅದಕ್ಕೆ ಬೇಕಾದುದು ಸುಲಭ ಬೆಲೆಯ ಜೋಡಣೆಯ ಹಲಗೆ ಮಾತ್ರ, ಎಸ್.ಡಿ. ಕಾರ್ಡಾದರೆ ನಡುವೆ ಭಾಷಾಂತರ ಮಾಡುವ ಚಿಪ್ಪಿರುವ ಹಲಗೆಯನ್ನು ಕೇಳಿ ತರಬೇಕು. ಚಪ್ಪಟೆಯಾದ ಕೇಬಲಿನ ಕೆಂಪು ಗೆರೆಯ ಅಂಚು ಹಲಗೆಯಲ್ಲಿ ಒಂದೆಂದು ಗುರುತು ಮಾಡಿದ ಸೂಜಿಯ ಕಡೆಗೆ ಬರಬೇಕು. ಎಲ್ಲವೂ ಸರಿಯಾಗಿದ್ದು ಯಂತ್ರವು ಡಿಸ್ಕೇ ಇಲ್ಲವೆಂದು ಹೇಳಿದರೆ ಕಾರ್ಡನ್ನು ದೂರುವುದಕ್ಕೆ ಮುಂಚೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ನೋಡಬೇಕು. ಅದು ಇಷ್ಟು ವರ್ಷದಲ್ಲಿ ಬರಿದಾಗಿರುವುದು ಸಹಜ. ಬರಿದಾದರೆ ಯಂತ್ರಕ್ಕೆ ತಾರೀಖೂ ಡಿಸ್ಕಿನ ವಿವರವೂ ಮರೆತುಹೋಗುತ್ತದೆ. ಸಿ.ಆರ್. 2032 ಎಂದು ಕೇಳಿದರೆ ಹಿರಿಯೂರಿನ ಗಡಿಯಾರದ ಅಂಗಡಿಯಲ್ಲಿಯೂ ಸಿಕ್ಕೀತು. ಹೊಸದನ್ನು ಹಾಕಿ, ಬಯಾಸಿನಲ್ಲಿ ಡಿಸ್ಕನ್ನು ತಾನಾಗಿ ಗುರುತಿಸುವಂತೆ ಹೇಳಿ, ಆಮೇಲೆ ಎಫ್‌ಡಿಸ್ಕನ್ನು ಆರಂಭಿಸತಕ್ಕದ್ದು.